ಬೆನ್ನ ಹಿಂದಿನ ರನ್‌ವೇ, ಮೊಣಕೈ ಕೆಳಗಿನ ಹೊಲ

ಸಣ್ಣ ವಿಮಾನ ಮೇಲೇರಿದ ಕೂಡಲೇ ಇರುವ ಒಂದೇ ಎಂಜಿನ್ ಕೈಕೊಟ್ಟರೆ, ಬೆನ್ನ ಹಿಂದೆಯೇ ರನ್‌ವೇ ಇದ್ದರೂ ಪೈಲಟ್ ಎದುರಿನ ಹೊಲಕ್ಕೆ ಇಳಿಸುವುದೇಕೆ ಎಂದು ಕೇಳಿದ್ದೀರಿ. ನಾನು ಇಂಥ ವಿಮಾನಗಳನ್ನು ಹವ್ಯಾಸಕ್ಕಾಗಿ ಹಾರಿಸುತ್ತೇನೆ. ಎಂಜಿನ್ ನಿಜವಾಗಿ ನಿಂತದ್ದು ಒಮ್ಮೆಯೂ ಇಲ್ಲ. ತರಬೇತಿಯಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು ಸಲ ‘ನಿಂತಿದೆ’.

ಹಿಂದಿರುಗುವುದೆಂದರೆ ಅರ್ಧ ಸುತ್ತು ತಾನೇ ಎನ್ನಿಸುತ್ತದೆ. ಆದರೆ 180 ಡಿಗ್ರಿ ತಿರುಗಿದ ಮೇಲೂ ವಿಮಾನ ಇರುವುದು ರನ್‌ವೇಯ ಪಕ್ಕದಲ್ಲಿ, ಅದರ ನೇರಕ್ಕಲ್ಲ. ಇನ್ನೂ ಮೂವತ್ತು ನಲವತ್ತು ಡಿಗ್ರಿ ಹೆಚ್ಚು ತಿರುಗಿ, ಮತ್ತೆ ರನ್‌ವೇಯ ನೇರಕ್ಕೆ ಹೊರಳಬೇಕು. ಪ್ರತಿ ತಿರುವೂ ಎತ್ತರವನ್ನು ತಿನ್ನುತ್ತದೆ. 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವ ವೇಗ, ಸುಮಾರು ಶೇ. 19ರಷ್ಟು ಏರುತ್ತದೆ. ನೆಲ ಮೇಲೆದ್ದು ಬರುವುದು ಕಂಡಾಗ ಕೈ ತಾನಾಗಿಯೇ ಹಿಡಿಯನ್ನು ಹಿಂದಕ್ಕೆಳೆದು ಮೂಗು ಎತ್ತುತ್ತದೆ. ಹಾಗೆ ಸ್ಟಾಲ್ ಆಗಿ ಬಿದ್ದ ವಿಮಾನದಿಂದ ಎದ್ದು ಬರುವವರು ಕಡಿಮೆ.

ಗಾಳಿಯ ಲೆಕ್ಕ ಬೇರೆ. 60 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇಳಿಯುವ ವಿಮಾನಕ್ಕೆ 10 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 50; ಹಿಂದಿರುಗಿ ಬಂದರೆ ಅದೇ ಗಾಳಿ ಬೆನ್ನಿಗೆ ಬಿದ್ದು 70. ಆಘಾತದ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಹೆಚ್ಚುಕಡಿಮೆ ಇಮ್ಮಡಿ. ಪೊದೆ, ಬೇಲಿ, ಬೆಳೆ ಏನಿದ್ದರೂ ಸರಿ, ರೆಕ್ಕೆ ಮುರಿದುಕೊಂಡಾದರೂ ವೇಗ ಕಳೆದರೆ ಒಳಗಿದ್ದವರು ಉಳಿಯುತ್ತಾರೆ. ಎಂಜಿನ್ ನಿಂತ ಮೇಲೆ ವಿಮಾನ ವಿಮೆಯವರದು ಎಂದು ನಮ್ಮಲ್ಲಿ ತಮಾಷೆಗೆ ಹೇಳುವುದುಂಟು. ಅದು ಪೂರ್ತಿ ತಮಾಷೆಯಲ್ಲ. ವಿಮಾನವನ್ನೂ ಉಳಿಸಬೇಕೆಂಬ ಆಸೆಯೇ ಪೈಲಟ್ಟನ್ನು ರನ್‌ವೇ ಕಡೆಗೆ ಎಳೆಯುವುದು.

ಎತ್ತರ ಸಾಕಷ್ಟಿದ್ದರೆ ಮಾತು ಬೇರೆ. ಮೊದಲು ಮೂಗು ಇಳಿಸಿ ಅತಿ ದೂರ ತೇಲುವ ವೇಗ ಹಿಡಿಯಬೇಕು. ಸೆಸ್ನಾ 172 ಎಸ್ ಎಂಬ ನಾಲ್ಕು ಆಸನದ ಸಣ್ಣ ವಿಮಾನದಲ್ಲಿ ಅದು 68 ನಾಟ್, ಗಂಟೆಗೆ ಸುಮಾರು 126 ಕಿ.ಮೀ. ಆಗ ಪ್ರತಿ ಸಾವಿರ ಅಡಿ ಎತ್ತರಕ್ಕೆ ಎರಡೂವರೆ ಕಿ.ಮೀ.ಗೂ ತುಸು ಹೆಚ್ಚು ದೂರ ತೇಲಬಹುದು. ಜಾಗ ಗೊತ್ತುಮಾಡಿಕೊಂಡ ನಂತರವೇ ಇಂಧನದ ಕವಾಟ, ಮಿಕ್ಸ್ಚರ್ (ಇಂಧನ-ಗಾಳಿ ಬೆರಕೆಯ ಹತೋಟಿ), ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ನೋಡುವುದು. ರೇಡಿಯೊ ಕೊನೆಗೆ.

ರಸ್ತೆ ಚಪ್ಪಟೆಯಾಗಿರುತ್ತದಲ್ಲ ಎನ್ನಬಹುದು. ಅಡ್ಡ ಹಾಯ್ದ ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬಗಳನ್ನು ನೋಡಿ ತಂತಿಯನ್ನು ಊಹಿಸಬೇಕು. ವಾಹನಗಳಂತೂ ಇದ್ದೇ ಇವೆ. ನಾನಾದರೆ ಹೊಲವನ್ನೇ ಆರಿಸುತ್ತೇನೆ, ಉಳುಮೆಯ ಸಾಲಿನುದ್ದಕ್ಕೆ.

ಹೀಗೆಲ್ಲ ಬರೆಯುವುದು ಸುಲಭ. ಒಮ್ಮೆ 2500 ಅಡಿಯಲ್ಲಿ ನನ್ನ ಶಿಕ್ಷಕರು ಏನೂ ಹೇಳದೆ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಏರಿಳಿಸುವ ಹಿಡಿ, ಹಿಂದಕ್ಕೆ ಎಳೆದರು. ಪ್ರೊಪೆಲ್ಲರ್ ಗಾಳಿಗೆ ಸೋಮಾರಿಯಂತೆ ತಿರುಗುತ್ತಿತ್ತು. ನಾನು ದೂರದ ಹಸಿರು ಹೊಲವೊಂದನ್ನು ಆರಿಸಿದೆ. ಅದರಾಚೆಯದು ಇನ್ನೂ ಅಗಲವಾಗಿ ಕಂಡಿತು; ಅತ್ತ ಹೊರಳಿದೆ. ಅದರ ಅಂಚಿನಲ್ಲಿ ಮರಗಳು ಕಂಡವು. ಮತ್ತೆ ಮೊದಲನೆಯದರತ್ತ ತಿರುಗಿದೆ. 500 ಅಡಿಗೆ ಬಂದಾಗ ಎರಡೂ ದಕ್ಕುವಂತಿರಲಿಲ್ಲ. ಅವರು ಥ್ರಾಟಲ್ ಮುಂದಕ್ಕೆ ತಳ್ಳಿ, ಮತ್ತೆ ಆ ಎತ್ತರಕ್ಕೇರಿಸಿ ಅಭ್ಯಾಸ ಶುರುವಾದಲ್ಲಿಗೇ ಕರೆದೊಯ್ದು, “ಈಗ ನಿಮ್ಮ ಎಡ ಮೊಣಕೈ ಕೆಳಗೆ ನೋಡಿ” ಎಂದರು. ಉದ್ದನೆಯ, ಕೊಯ್ಲಾದ, ಬೋಳು ಹೊಲ. ಥ್ರಾಟಲ್ ಎಳೆದಾಗ ನಾನಿದ್ದದ್ದು ಅದರ ಮೇಲೆಯೇ.