ಶಬ್ದ ಇನ್ನೂ ಬರ್ಲಿಲ್ಲ

ಪಟಾಕಿ ನೋಡುವುದರಲ್ಲಿ ಅಂಥದ್ದೇನಿದೆ, ಸುಮ್ನೆ ದುಡ್ಡು ಸುಡುವುದಲ್ವಾ ಅಂತ ಕೇಳಿದ್ದೀರಿ. ಸುಡುವುದು ಹೌದು. ನಾನೂ ಈಗ ಕೊಳ್ಳುವುದಿಲ್ಲ. ಆದರೆ ಒಂದು ರಾತ್ರಿ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ, ಅದನ್ನು ಹೇಳುತ್ತೇನೆ.

1994ರ ದೀಪಾವಳಿ. ಮುಂಬೈ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಕುಂದಾಪುರದ ಕಡೆಯವನು, ಸಂಜೆ ರಾತ್ರಿ ಶಾಲೆ. ಊರಿನಲ್ಲಿ ನನಗೆ ಗೊತ್ತಿದ್ದದ್ದು ತೇರಿನ ದಿನದ ಗರ್ನಾಲು ಮಾತ್ರ. ಅದು ಕಿವಿಗೆ. ಕಣ್ಣಿಗೆ ಏನೂ ಇಲ್ಲ.

ಲಕ್ಷ್ಮೀಪೂಜೆಯ ರಾತ್ರಿ ಶಟರ್ ಎಳೆಯುವಾಗ ಹತ್ತು ದಾಟಿತ್ತು. "ಬಾ ಮಾಣಿ, ಗಾಳಿ ಕುಡಿದು ಬಪ್ಪ" ಎಂದರು ಅಡುಗೆ ಭಟ್ರು. ಮರೀನ್ ಡ್ರೈವ್‌ಗೆ ನಡೆದು, ನರಿಮನ್ ಪಾಯಿಂಟ್ ಹತ್ತಿರ ಕಟ್ಟೆಯ ಮೇಲೆ ಕೂತೆವು. ಅಮಾವಾಸ್ಯೆ. ಎದುರಿಗೆ ಕೊಲ್ಲಿ, ಅದರಾಚೆ ಗಿರ್ಗಾಂವ್ ಚೌಪಾಟಿ, ಎಡಕ್ಕೆ ಮಲಬಾರ್ ಹಿಲ್‌ನ ದೀಪಗಳು.

ಚೌಪಾಟಿ ಕಡೆಯಿಂದ ಒಂದು ಕಿಡಿ ಎದ್ದಿತು. ಏರುತ್ತಾ ಏರುತ್ತಾ ಸಣ್ಣಗಾಗಿ, ಇನ್ನೇನು ಆರಿತು ಎನ್ನುವಾಗ ಒಡೆದು ಚೆಂಡುಹೂವಿನ ಹಾಗೆ ದುಂಡಗೆ ಹರಡಿತು. ಕೆಳಗೆ ನೀರಿನಲ್ಲಿ ಇನ್ನೊಂದು, ಸ್ವಲ್ಪ ಅಲುಗಾಡುತ್ತಾ. ಎಸಳು ಉದುರಿತು. ಕತ್ತಲು. ಸದ್ದೇ ಇಲ್ಲ.

"ಟುಸ್ ಆಯ್ತಲ್ಲ ಭಟ್ರೇ" ಎಂದೆ.

"ತಡಿ ಮಾಣಿ, ಶಬ್ದ ಇನ್ನೂ ಬರ್ಲಿಲ್ಲ."

ಅವರ ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು. ಒಂಬತ್ತಕ್ಕೆ ಬಂತು ನೋಡಿ, ಢಬ್ ಅಂತ, ದೂರದಲ್ಲಿ ಯಾರೋ ಚಾಪೆ ಕೊಡವಿದ ಹಾಗೆ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಒಂಬತ್ತರಿಂದ ಗುಣಿಸಿದರೆ ಮೂರು ಕಿಲೋಮೀಟರ್, ಆ ಕೊಲ್ಲಿಯ ಅಗಲ ಹೆಚ್ಚುಕಡಿಮೆ ಅಷ್ಟೇ. ಭಟ್ರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಊರಿನಲ್ಲಿ ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, ಅಂಗಳದ ಅಡಿಕೆ ಈಗಲೇ ಒಳಗೆ ಹಾಕಬೇಕೋ ಇನ್ನೂ ಹೊತ್ತಿದೆಯೋ ಅಂತ ನೋಡುತ್ತಿದ್ದರಂತೆ, ಅಷ್ಟೇ.

ಆಮೇಲೆ ನಾವಿಬ್ಬರೂ ಎಣಿಸಿದ್ದೇ ಎಣಿಸಿದ್ದು. ಮಧ್ಯೆ ಹಿಂದಿನ ಬೀದಿಯಲ್ಲಿ ಸರಪಟಾಕಿ ಶುರುವಾದರೆ ಲೆಕ್ಕ ತಪ್ಪುತ್ತಿತ್ತು. ಭಟ್ರು ಬೈಯುತ್ತಿದ್ದರು. ಕೆಂಪು, ಹಸಿರು ಬೇಕಾದಷ್ಟು ಕಂಡೆವು, ಒಳ್ಳೆಯ ನೀಲಿ ಒಂದೂ ಇಲ್ಲ. ಅದಕ್ಕೂ ಕಾರಣ ಇದೆ, ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಕೆಂಪಿಗೆ ಸ್ಟ್ರಾಂಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ಕಾವು ಜಾಸ್ತಿಯಾದರೆ ನೀಲಿ ಕೊಡುವ ತಾಮ್ರದ ಸಂಯುಕ್ತವೇ ಮುರಿದುಹೋಗುತ್ತದೆ, ಕಡಿಮೆಯಾದರೆ ಬಣ್ಣ ಮಂಕು. ಬೇರಿಯಂ ಹಾಕುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿತು. ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಅಂತ ಹೊತ್ತು ಗೊತ್ತು ಮಾಡಿದ್ದೂ ಆಗಲೇ. ಹೊಗೆಗೆ ಕೆಮ್ಮುವ ನನ್ನ ಹೆಂಡತಿ ಕೇಳಿದರೆ ಆ ಎರಡು ಗಂಟೆಯೂ ಜಾಸ್ತಿ.

ಈಗ ಡೊಂಬಿವಲಿಯಲ್ಲಿದ್ದೇನೆ, ನಾಲ್ಕನೇ ಮಹಡಿ. ದೀಪಾವಳಿಗೆ ಬಾಲ್ಕನಿಯಲ್ಲಿ ನಿಲ್ಲುತ್ತೇನೆ, ಬೆರಳು ತಾನಾಗಿ ಕಂಬಿಯ ಮೇಲೆ ಹೋಗುತ್ತದೆ. ಆದರೆ ರಾಕೆಟ್ ಬಿಡುವುದು ಎದುರು ಬಿಲ್ಡಿಂಗಿನ ಹುಡುಗರು. ಬೆಳಕು, ಸದ್ದು ಎರಡೂ ಒಟ್ಟಿಗೇ ಬರುತ್ತವೆ. ಒಂದು ಅನ್ನುವುದಕ್ಕೂ ಬಿಡುವುದಿಲ್ಲ.