ಎಫ್(ಎಕ್ಸ್) ಅಂದರೆ ಎಫ್ ಗುಣಿಸು ಎಕ್ಸ್ ಅಲ್ಲ

ಪ್ರಶ್ನೆ: ಸರ್, ನಾನು ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ಮೊದಲ ವರ್ಷ ಸೈನ್ಸ್ ತಗೊಂಡಿದ್ದೇನೆ. ಫಂಕ್ಷನ್ ಪಾಠ ತಲೆಗೆ ಹೋಗ್ತಿಲ್ಲ. ಎಫ್(ಎಕ್ಸ್) = ಎಕ್ಸ್² − 3ಎಕ್ಸ್ + 1 ಆದರೆ ಎಫ್(−2) ಎಷ್ಟು ಅಂತ ಕೇಳಿದ್ದಾರೆ. ನನಗೆ 3 ಬಂತು, ಪುಸ್ತಕದಲ್ಲಿ 11 ಅಂತಿದೆ. ಎಫ್ ಅನ್ನು ಗುಣಿಸಬೇಕಾ? ಅದರ ಬೆಲೆ ಎಲ್ಲೂ ಕೊಟ್ಟಿಲ್ಲವಲ್ಲ?
– ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಎಫ್‌ಗೆ ಬೆಲೆ ಇಲ್ಲ. ಅದಕ್ಕೇ ಎಲ್ಲೂ ಕೊಟ್ಟಿಲ್ಲ. ಒಂದು ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮಕ್ಕೆ ಫಂಕ್ಷನ್ ಅಂತಾರೆ. ಎಫ್ ಅಂಥ ಒಂದು ನಿಯಮದ ಹೆಸರು, ಅಷ್ಟೇ. ನಿನ್ನ ಅನುಮಾನ ಸಹಜವಾದದ್ದೇ. 3(ಎಕ್ಸ್ + 2) ಅಂದರೆ ಗುಣಿಸು ಅಂತ ಇಷ್ಟು ವರ್ಷ ಹೇಳಿಕೊಟ್ಟು, ಈಗ ಅದೇ ಕಂಸ ತೋರಿಸಿ ಇಲ್ಲಿ ಮಾತ್ರ ಗುಣಿಸಬೇಡ ಅಂದರೆ ಯಾರಿಗಾದರೂ ಗೊಂದಲ ಆಗುತ್ತದೆ.

ಜಮಖಂಡಿ ಪೇಟೆಯಿಂದ ಊರಿಗೆ ಸಾಮಾನು ಒಯ್ಯಲು ಟಂಟಂ ಬಾಡಿಗೆ ಹಿಡಿದಿದ್ದೀರಿ ಅಂದುಕೋ. ಸಾಮಾನು ಹೇರಿದರೆ 200 ರೂಪಾಯಿ, ಮೇಲೆ ಕಿಲೋಮೀಟರಿಗೆ 30. ಇದನ್ನು ಬಾಡಿಗೆ(ಎಕ್ಸ್) = 30ಎಕ್ಸ್ + 200 ಅಂತ ಬರೆಯಬಹುದು. ಎಕ್ಸ್ ಅಂದರೆ ದೂರ. 12 ಕಿಲೋಮೀಟರ್ ಆದರೆ ಬಾಡಿಗೆ(12) = 30 × 12 + 200 = 560. ಇಲ್ಲಿ 'ಬಾಡಿಗೆ' ಅನ್ನೋ ಪದವನ್ನು 12ರಿಂದ ಗುಣಿಸಲಿಲ್ಲ ಅಲ್ವಾ? ಆ ಉದ್ದ ಹೆಸರಿನ ಜಾಗದಲ್ಲಿ ಒಂದೇ ಅಕ್ಷರ ಇಟ್ಟರೆ ಅದೇ ಎಫ್. ಒಂಬತ್ತು, ಹತ್ತನೇ ತರಗತಿಯ ಬಹುಪದೋಕ್ತಿ ಪಾಠದಲ್ಲಿ ಪಿ(ಎಕ್ಸ್) ಅಂತ ಬರೆದು ಶೂನ್ಯತೆ ಹುಡುಕಿದ್ದೀಯಲ್ಲ, ಅದೂ ಇದೇ. ಹೊಸದೇನಲ್ಲ.

ಈಗ ನಿನ್ನ 3 ಎಲ್ಲಿಂದ ಬಂತು ನೋಡೋಣ. ನೀನು −2² ಅಂತ ಬರೆದು −4 ಮಾಡಿರಬೇಕು. ಆಮೇಲೆ −4 + 6 + 1 = 3. ಕೂಡಿದ್ದು ಸರಿಯಾಗಿದೆ, ತಪ್ಪಿದ್ದು ಕಂಸ. ಎಕ್ಸ್ ಇರುವ ಪ್ರತಿ ಜಾಗದಲ್ಲೂ ಮೊದಲು ಖಾಲಿ ಕಂಸ ಬರಿ: ( )² − 3( ) + 1. ಆಮೇಲೆ ಕೊಟ್ಟದ್ದನ್ನು ಇಡಿಯಾಗಿ ಒಳಗಿಡು: (−2)² − 3(−2) + 1 = 4 + 6 + 1 = 11. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲೂ ಕಂಸ ಇಲ್ಲದೆ −2² ಒತ್ತಿದರೆ −4 ಅಂತಲೇ ತೋರಿಸುತ್ತದೆ, ಯಾಕಂದರೆ ಅದು ಮೊದಲು 2ರ ವರ್ಗ ಮಾಡಿ ಆಮೇಲೆ ಋಣ ಚಿಹ್ನೆ ಹಚ್ಚುತ್ತದೆ.

ಇಡಿಯಾಗಿ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಮುಂದೆ ಎಫ್(ಎ + 1) ಕೇಳುತ್ತಾರೆ. ಆಗಲೂ ಖಾಲಿ ಕಂಸದೊಳಗೆ ಎ + 1 ಪೂರ್ತಿ ಹೋಗಬೇಕು: (ಎ + 1)² − 3(ಎ + 1) + 1. ಬಿಡಿಸಿದರೆ ಎ² − ಎ − 1. ಸುಮ್ನೆ ಎಫ್(ಎ)ಗೆ 1 ಕೂಡಿಸಿದರೆ ಎ² − 3ಎ + 2 ಬರುತ್ತದೆ, ಅದು ಬೇರೆಯೇ ಉತ್ತರ. 1734ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಈ ಎಫ್ ಗುರುತನ್ನು ಬಳಕೆಗೆ ತಂದಾಗಲೂ ಕಂಸದೊಳಗೆ ಒಂಟಿ ಎಕ್ಸ್ ಇಡಲಿಲ್ಲ. ಎಕ್ಸ್ ಅನ್ನು ಎ ಇಂದ ಭಾಗಿಸಿ ಸಿ ಕೂಡಿಸಿದ ಇಡೀ ಪದೋಕ್ತಿಯನ್ನೇ ಇಟ್ಟಿದ್ದ.

ಎಫ್ ಅನ್ನು ಒಳಗೆ ಹಂಚೋದು, ಅಂದರೆ ಎಫ್(2 + 3) ಅನ್ನು ಎಫ್(2) + ಎಫ್(3) ಅಂತ ಬಿಡಿಸೋದಂತೂ ಬೇಡವೇ ಬೇಡ. ನಮ್ಮ ಹುಡುಗರು ಜಾಸ್ತಿ ಅಂಕ ಕಳೆದುಕೊಳ್ಳೋದು ಇಲ್ಲೇ ಅಂತ ನನಗನ್ನಿಸುತ್ತದೆ. ನಿನ್ನ ಲೆಕ್ಕದಲ್ಲೇ ನೋಡು: ಎಫ್(2) = −1, ಎಫ್(3) = 1. ಎರಡೂ ಕೂಡಿದರೆ 0. ಆದರೆ ಎಫ್(5) = 25 − 15 + 1 = 11.

ಮತ್ತೆ 11 ಬಂತಲ್ಲ! −2 ಕೊಟ್ಟರೂ 11, 5 ಕೊಟ್ಟರೂ 11. ಇದು ತಪ್ಪಲ್ಲ. ಎರಡು ಸಂಖ್ಯೆಗಳಿಗೆ ಒಂದೇ ಉತ್ತರ ಬರಬಹುದು, ಒಂದು ಸಂಖ್ಯೆಗೆ ಎರಡು ಉತ್ತರ ಬಂದರೆ ಮಾತ್ರ ಅದು ಫಂಕ್ಷನ್ ಅಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಎಫ್(11) ಅಂತಿದೆಯೋ, ಎಫ್(ಎಕ್ಸ್) = 11 ಅಂತಿದೆಯೋ ಸರಿಯಾಗಿ ನೋಡು. ಮೊದಲನೆಯದಕ್ಕೆ 11 ಅನ್ನು ಕಂಸದೊಳಗಿಟ್ಟು ಲೆಕ್ಕ ಮಾಡಿದರೆ ಆಯ್ತು: 121 − 33 + 1 = 89. ಎರಡನೆಯದರಲ್ಲಿ ಉತ್ತರ ಕೊಟ್ಟು ಎಕ್ಸ್ ಕೇಳಿದ್ದಾರೆ. ಅಲ್ಲಿ ಎಕ್ಸ್² − 3ಎಕ್ಸ್ − 10 = 0 ಅನ್ನೋ ವರ್ಗ ಸಮೀಕರಣ ಬಿಡಿಸಬೇಕು. ಅಪವರ್ತಿಸಿದರೆ (ಎಕ್ಸ್ − 5)(ಎಕ್ಸ್ + 2) = 0, ಅಂದರೆ ಎಕ್ಸ್ 5 ಇಲ್ಲವೇ −2.