ಆ ಹುಡುಗಿ ಕೈಯಲ್ಲಿದ್ದ ಸ್ಕೇಲ್

ಪ್ರಿಯ ಮಾಷ್ಟ್ರೇ,

ನೀವು ಕಳಿಸಿದ ‘ಪರವಲಯದ ಮೇಲಿನ ಬಿಂದುವಿನಲ್ಲಿ ಪ್ರವಣತೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಮೂರನೇ ಪುಟದ ನಾಲ್ಕು ಸಾಲು.

ನೀವು ಬೋರ್ಡಿನ ಮೇಲೆ ಪರವಲಯ, ಅಂದರೆ ಬಟ್ಟಲಿನ ಹಾಗೆ ಬಾಗಿದ ಗೆರೆ ಬರೆದು, ಒಂದು ಬಿಂದು ಗುರುತು ಮಾಡಿ, ಸ್ಪರ್ಶಕ (ಆ ಬಿಂದುವಿನಲ್ಲಿ ಪರವಲಯ ಹೋಗುವ ದಿಕ್ಕಿನಲ್ಲೇ ಅದನ್ನು ತಾಗಿ ಹೋಗುವ ನೇರ ಗೆರೆ) ಎಳೆಯಲು ಒಬ್ಬ ಹುಡುಗಿಯನ್ನು ಕರೆದಿದ್ದೀರಿ. ಅವಳು ಮರದ ಸ್ಕೇಲನ್ನು ಬಿಂದುವಿಗೆ ತಾಗಿಸಿ, ಅತ್ತಿತ್ತ ತಿರುಗಿಸಿ ನೋಡಿ, “ಸರ್, ಒಂದೇ ಬಿಂದು ಇದ್ರೆ ಸ್ಕೇಲನ್ನು ಹೇಗೆ ಬೇಕಾದ್ರೂ ಇಡಬಹುದಲ್ವಾ?” ಅಂತ ಕೇಳಿದ್ದಾಳೆ. ಅದರ ಮುಂದಿನ ಸಾಲು: “ನಂತರ ಅವಳಿಗೆ ಅವಕಲನದ ಸೂತ್ರ ಹೇಳಿಕೊಟ್ಟೆ.” ಅಂದರೆ ಇಳಿಜಾರು ಲೆಕ್ಕ ಹಾಕುವ ಸೂತ್ರ.

ಮಾರಾಯ್ರೇ, ನಿಮ್ಮ ಲೇಖನ ಇರುವುದೇ ಅಲ್ಲಿ! ಅಡ್ಡಕ್ಕೆ ಇಷ್ಟು ಹೋದರೆ ಮೇಲಕ್ಕೆ ಎಷ್ಟು ಏರಿತು ಅನ್ನುವ ಲೆಕ್ಕವೇ ಇಳಿಜಾರು. ಅದಕ್ಕೆ ಎರಡು ಬಿಂದು ಬೇಕು. ಒಂದೇ ಬಿಂದುವಿನಲ್ಲಿ ನಿಂತರೆ ಅಡ್ಡಕ್ಕೂ ಹೋದ ಹಾಗಾಗಲಿಲ್ಲ, ಮೇಲಕ್ಕೂ ಏರಿದ ಹಾಗಾಗಲಿಲ್ಲ. ಹುಡುಗಿ ಕೇಳಿದ್ದು ಇದನ್ನೇ. ನೀವು ಉತ್ತರ ಕೊಡದೆ ಸೂತ್ರ ಕೊಟ್ಟಿರಿ.

ಅವಳಿಗೆ ಉತ್ತರ ಆ ಸ್ಕೇಲಿನಲ್ಲೇ ಇತ್ತು. ನಿಮ್ಮದೇ ಉದಾಹರಣೆ ತೆಗೆದುಕೊಳ್ಳಿ. ವೈ ಅಂದರೆ ಎಕ್ಸ್‌ನ ವರ್ಗ, ಬಿಂದು (3, 9). ಸ್ಕೇಲನ್ನು ಈ ಬಿಂದುವಿಗೆ ತಾಗಿಸಿ ಸ್ವಲ್ಪ ಓರೆ ಮಾಡಿದರೆ ಅದು ಪರವಲಯವನ್ನು ಇನ್ನೊಂದು ಕಡೆ ಕತ್ತರಿಸುತ್ತದೆ. ಅದು (5, 25) ಆದರೆ, ಅಡ್ಡಕ್ಕೆ 2 ಹೋಗಿ ಮೇಲಕ್ಕೆ 16 ಏರಿದ ಹಾಗಾಯಿತು. ಇಳಿಜಾರು 8. ಸ್ಕೇಲನ್ನು ತುಸು ಬಾಗಿಸಿ, ಎರಡನೇ ಬಿಂದು (4, 16)ಕ್ಕೆ ಬಂತು. ಇಳಿಜಾರು 7. ಇನ್ನೂ ಬಾಗಿಸಿದರೆ ಅದು 3.1ಕ್ಕೆ ಬರುತ್ತದೆ, ಆಗ 6.1. ಹಾಗೇ ಬಾಗಿಸುತ್ತಾ ಹೋದರೆ ಎರಡನೇ ಬಿಂದು ಮೊದಲನೆಯದನ್ನು ದಾಟಿ ಎಡಕ್ಕೆ ಹೋಗುತ್ತದೆ. ಅದು (2, 4)ಕ್ಕೆ ಬಂದಾಗ ಇಳಿಜಾರು 5. ನೋಡಿ, ಪ್ರತಿ ಸಲವೂ ಎರಡನೇ ಬಿಂದುವಿನ ಎಕ್ಸ್‌ಗೆ 3 ಕೂಡಿಸಿದರೆ ಇಳಿಜಾರು ಬರುತ್ತದೆ. ಬಲದಿಂದ ಬಂದರೂ ಎಡದಿಂದ ಬಂದರೂ, ಎರಡು ಬಿಂದು ಒಂದಾಗುವ ಜಾಗದಲ್ಲಿ ಸ್ಕೇಲಿಗೆ ಉಳಿಯುವುದು ಒಂದೇ ಓರೆ, 6. “ಹೇಗೆ ಬೇಕಾದ್ರೂ” ಇಡಲು ಆಗುವುದಿಲ್ಲ ಅನ್ನುವುದು ಅವಳಿಗೆ ಕಣ್ಣಲ್ಲೇ ಕಾಣುತ್ತಿತ್ತು.

ಇಷ್ಟಾದ ಮೇಲೆ ಎಚ್, ಅಂದರೆ ಎರಡು ಬಿಂದುಗಳ ನಡುವಿನ ಅಡ್ಡ ದೂರ, ಬರಲಿ. ಇಲ್ಲಿ ಇನ್ನೊಂದು ತಕರಾರಿದೆ. ನೀವು “ಎಚ್ ಅನ್ನು ಸೊನ್ನೆ ಎಂದು ಭಾವಿಸೋಣ” ಅಂತ ಮೊದಲೇ ಹೇಳಿ, ಆಮೇಲೆ ಎಚ್‌ನಿಂದ ಭಾಗಿಸಿದ್ದೀರಿ. ಸೊನ್ನೆಯಿಂದ ಭಾಗಿಸಬಾರದು ಅಂತ ಹೈಸ್ಕೂಲಿನಲ್ಲಿ ಹೇಳಿಕೊಡುವುದೂ ನಾವೇ ಅಲ್ವಾ? ಮೊದಲು ಎಚ್ ಸೊನ್ನೆಯಲ್ಲ ಅಂತ ಸ್ಪಷ್ಟವಾಗಿ ಹೇಳಿ, ಮೇಲಕ್ಕೆ ಏರಿದ್ದನ್ನು ಎಚ್‌ನಿಂದ ಭಾಗಿಸಿ. 6 + ಎಚ್ ಸಿಗುತ್ತದೆ. ಆಮೇಲೆ ಎಚ್ ಚಿಕ್ಕದಾಗುತ್ತಾ ಹೋದರೆ ಅದು ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ ಅಂತ ನೋಡಿ. ಈ ಹೆಜ್ಜೆಯನ್ನು ಸಡಿಲ ಬಿಟ್ಟದ್ದಕ್ಕೆ ತತ್ವಜ್ಞಾನಿ ಬರ್ಕ್ಲಿ 1734ರಲ್ಲಿ ಗಣಿತಜ್ಞರನ್ನು ಕಟುವಾಗಿ ಟೀಕಿಸಿದ್ದರು. ಅವರ ಆಕ್ಷೇಪ ನ್ಯಾಯವಾದದ್ದು. 1821ರಲ್ಲಿ ಫ್ರೆಂಚ್ ಗಣಿತಜ್ಞ ಕೌಶಿ ‘ಮಿತಿ’ಯನ್ನು, ಅಂದರೆ ಹೀಗೆ ಯಾವುದರ ಹತ್ತಿರ ಹೋಗುತ್ತದೋ ಆ ಸಂಖ್ಯೆಯನ್ನು, ಕಲನಶಾಸ್ತ್ರದ ತಳಪಾಯ ಮಾಡಿ ಬರೆಯುವ ತನಕ ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಅಷ್ಟು ದೊಡ್ಡವರೇ ತಡವರಿಸಿದ ಜಾಗವನ್ನು ನೀವು ಒಂದು ಸಾಲಿನಲ್ಲಿ ದಾಟಬೇಡಿ.

ಎರಡು ತಪ್ಪು ತಿದ್ದಲೇಬೇಕು. ಪರವಲಯವನ್ನು ಒಂದೇ ಬಿಂದುವಿನಲ್ಲಿ ಸೇರುವ ಗೆರೆ ಸ್ಪರ್ಶಕ ಅಂದಿದ್ದೀರಿ. (3, 9)ರ ಮೂಲಕ ನೆಟ್ಟಗೆ ನಿಲ್ಲುವ ಗೆರೆಯೂ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಅದು ಸ್ಪರ್ಶಕ ಅಲ್ಲ. ಇನ್ನೊಂದು, ಮಲ್ಪೆ ಬಂದರಿನಲ್ಲಿ ಎರಡು ಬೋಟುಗಳ ನಡುವೆ ಜೋತುಬಿದ್ದ ಹಗ್ಗ ಪರವಲಯ ಅಂತ ಬರೆದದ್ದು. ನೋಡಲು ಹಾಗೇ ಕಾಣುತ್ತದೆ ನಿಜ, ಆದರೆ ಅದು ಬೇರೆ ವಕ್ರರೇಖೆ, ಕ್ಯಾಟಿನರಿ. ಅದು ಪರವಲಯ ಅಲ್ಲ ಅಂತ ಡಚ್ ವಿಜ್ಞಾನಿ ಹೈಗೆನ್ಸ್ 1646ರಲ್ಲಿ, 17ನೇ ವಯಸ್ಸಿನಲ್ಲೇ ತೋರಿಸಿದ್ದರು.

ಹಗ್ಗದ ಬದಲು ನೀರು ತೆಗೆದುಕೊಳ್ಳಿ. ನಿಮ್ಮ ಮನೆ ಶಂಕರಪುರದ ಹತ್ತಿರ ಅಂತ ಪತ್ರದಲ್ಲಿ ಬರೆದಿದ್ದೀರಿ. ಮಲ್ಲಿಗೆ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಮೇಲೆ ಚಿಮ್ಮಿ, ಬಾಗಿ, ಬುಡಕ್ಕೆ ಬೀಳುತ್ತದೆ. ಗಾಳಿಯ ಅಡ್ಡಿಯನ್ನು ಬಿಟ್ಟರೆ ಅದು ಪರವಲಯವೇ. ಬೆರಳಿನ ಹತ್ತಿರ ಕಡಿದಾದ ಏರು, ನೆತ್ತಿಯಲ್ಲಿ ಸೊನ್ನೆ, ಆಚೆ ಇಳಿತ. ಒಂದೇ ಗೆರೆಯಲ್ಲಿ ಜಾಗಕ್ಕೊಂದು ಇಳಿಜಾರು ಅನ್ನುವುದನ್ನು ಓದುಗರು ಅಂಗಳದಲ್ಲೇ ನಿಂತು ನೋಡಬಹುದು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಪ್ರವಣತೆ’ ತೆಗೆದು ‘ಇಳಿಜಾರು’ ಅನ್ನಿ. ಏರುವ ಕಡೆಯೂ ಇಳಿಜಾರು ಅನ್ನಬೇಕಾಗುತ್ತದೆ, ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಗಣಿತ ವಿಜ್ಞಾನಗಳ ರಾಣಿ ಅಂತ ಶುರುವಾಗುವ ಮೊದಲ ಪುಟ ಪೂರ್ತಿ ಬೇಡ. ಹುಡುಗಿ ಬೋರ್ಡಿನ ಹತ್ತಿರ ಬರುವಲ್ಲಿಂದ ಶುರು ಮಾಡಿ.

ಒಂದು ವಿಷಯ ಸೇರಿಸಿದರೆ ನನಗೆ ಬಹಳ ಖುಷಿಯಾಗುತ್ತದೆ. (3, 9)ರ ಸ್ಪರ್ಶಕ ಎಕ್ಸ್ ಅಕ್ಷವನ್ನು ಮುಟ್ಟುವುದು ಸರಿಯಾಗಿ 1.5ರಲ್ಲಿ, ಅಂದರೆ 3ರ ಅರ್ಧದಲ್ಲಿ. ಈ ಪರವಲಯದ ಮೇಲೆ ಸೊನ್ನೆ ಬಿಟ್ಟು ಯಾವ ಬಿಂದು ಹಿಡಿದರೂ ಹೀಗೇ. ಅರ್ಧಕ್ಕೆ ಚುಕ್ಕಿ ಇಟ್ಟು ಬಿಂದುವಿಗೆ ಗೆರೆ ಜೋಡಿಸಿದರೆ ಸ್ಪರ್ಶಕ ಸಿದ್ಧ. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೆ ಎಂಟನೇ ಕ್ಲಾಸಿನ ಮಕ್ಕಳೂ ಎಳೆದು ನೋಡುತ್ತಾರೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಬೇಡಿ, ನಿಮ್ಮ ಕೈಯಲ್ಲೇ ಎಳೆದು ಕಳಿಸಿ, ಹಾಗೇ ಅಚ್ಚು ಹಾಕುತ್ತೇವೆ.

ಮತ್ತೆ, ಸೂತ್ರ ಹೇಳಿಕೊಟ್ಟ ಮೇಲೆ ಆ ಹುಡುಗಿ ಏನಂದಳು? ಅದನ್ನು ನೀವು ಬರೆದಿಲ್ಲ. ನೆನಪಿದ್ದರೆ ಬರೆಯಿರಿ. ಇಲ್ಲದಿದ್ದರೆ ಇನ್ನೊಮ್ಮೆ ಅವಳ ಕೈಗೆ ಸ್ಕೇಲ್ ಕೊಟ್ಟು ನೋಡಿ.

ನಿಮ್ಮ,
ಸಂಪಾದಕ